ತಿಳಿಸುತ್ತೇವೆ ಎಂದವರು

ಕೆಲಸಕ್ಕೆಂದು ಸಂದರ್ಶನ ಕೊಟ್ಟು ಬಂದವನು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಉತ್ತರಕ್ಕೆ ಕಾಯುವುದು ಅವನೊಬ್ಬನ ಪಾಡು. ಶಿರಸಿ ಕಡೆಯ ಹಳ್ಳಿಯಲ್ಲಿ ಕಾದರೆ ಕೇರಿಗೆ ಕೇರಿಯೇ ಅವನೊಡನೆ ಕಾಯತೊಡಗುತ್ತದೆ. ಹಾಲಿನ ಡೇರಿಯಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ, ಶ್ರಾದ್ಧದೂಟದ ಪಂಕ್ತಿಯಲ್ಲಿ ‘ಎಂತಾ ಆತೋ ತಮಾ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ತಿಳಿಸುತ್ತೇವೆ ಎಂದಿದ್ದಾರೆ ಎಂದು ಉತ್ತರಿಸಿದರೆ ಹಿರಿಯರು ಎಲೆಯಡಿಕೆಯ ಕವಳ ತುಂಬಿದ ಬಾಯನ್ನು ತೆರೆಯದೆ ತಲೆಯನ್ನಷ್ಟೇ ಆಡಿಸುತ್ತಾರೆ.

ಅವರಿಗೆ ಈ ಮಾತು ಹೊಸದಲ್ಲ. ಹೆಣ್ಣು ನೋಡಲು ಬಂದು, ತೊಡೆದೇವು ತಿಂದು, ಕಷಾಯ ಕುಡಿದು, ‘ಮನೆಗೆ ಹೋಗಿ ತಿಳಿಸುತ್ತೇವೆ’ ಎಂದು ಎದ್ದುಹೋದ ಗಂಡಿನ ಕಡೆಯವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. (ಈಗ ಅಡಿಕೆ ತೋಟದ ಮಾಣಿಗಳಿಗೆ ಹೆಣ್ಣೇ ಸಿಗದೆ, ತಿಳಿಸುವ ಅಧಿಕಾರ ಹೆಣ್ಣಿನ ಕಡೆಗೆ ಹೋಗಿರುವುದು ಬೇರೆ ಮಾತು.) ಆದರೆ ಆ ವ್ಯವಹಾರದಲ್ಲಿ ಒಂದು ಮರ್ಯಾದೆಯಿತ್ತು. ಸ್ವಲ್ಪ ದಿನಗಳಲ್ಲೇ ನಡುವಿನವರೊಬ್ಬರು ಬಂದು, ಜಗಲಿಯ ಮೇಲೆ ಕುಳಿತು, ಮಳೆ-ಬೆಳೆಯ ಮಾತೆಲ್ಲ ಮುಗಿದ ಮೇಲೆ ‘ಜಾತಕ ಕೂಡಿ ಬರಲಿಲ್ಲವಂತೆ’ ಎನ್ನುತ್ತಿದ್ದರು. ಜಾತಕದ ತಪ್ಪೇನೂ ಇಲ್ಲವೆಂಬುದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಆದರೂ ಯಾರ ಮುಖವೂ ಕೆಡದೆ ಕಾಯುವ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಪಾಪ, ಕಂಪನಿಗಳಿಗೆ ಜಾತಕದ ಸೌಲಭ್ಯವಿಲ್ಲ.

ನಾನು ಕಾದದ್ದು ಮಳೆಗಾಲದಲ್ಲಿ. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದ ಮೇಲೆ ನಮ್ಮ ಮನೆಯಲ್ಲಿ ನೆಟ್‌ವರ್ಕು ಎಂಬುದು ಇರುವುದೇ ಇಲ್ಲ; ಇರುವ ಹೊತ್ತಿನಲ್ಲೂ ಜಗಲಿಯ ಕಿಟಕಿಯ ಎಡಮೂಲೆಯಲ್ಲಿ ಮಾತ್ರ ಅದರ ವಾಸ. ಮಳೆ ಹೊಳವಾದ ದಿನವೊಂದರಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವುದೆಂದಾಯಿತು. ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕದಡುತ್ತಿದ್ದಾಗ, ತೋಟದ ಆ ತಗ್ಗಿನಲ್ಲಿ ಹೇಗೋ ದಾರಿ ಕಂಡುಕೊಂಡ ಕರೆಯೊಂದು ನನ್ನ ಕಿಸೆಯಲ್ಲಿ ರಿಂಗಣಿಸಿತು. ಬೆಂಗಳೂರಿನ ನಂಬರು. ನೀಲಿ ಹಿಡಿದ ಕೈಯನ್ನು ಲುಂಗಿಗೆ ಒರೆಸಿಕೊಂಡು ಫೋನೆತ್ತಿದರೆ, ಬ್ಯಾಂಕಿನ ಸಾಲ ಬೇಕೇ ಎಂದು ಒಬ್ಬಳು ಬಹಳ ಆದರದಿಂದ ವಿಚಾರಿಸಿದಳು. ಮೂರು ತಿಂಗಳ ಸಂಬಳದ ಸ್ಲಿಪ್ಪು ಇದ್ದರೆ ಸಾಕಂತೆ. ಮರದ ತುದಿಯಲ್ಲಿದ್ದ ಕೊನೆಗೌಡ ಅಲ್ಲಿಂದಲೇ ‘ನೌಕ್ರಿ ಆತ್ರಾ ಹೆಗ್ಡೇರೆ?’ ಎಂದು ಕೂಗಿದ.

ಕಂಪನಿಯವರ ಮೌನಕ್ಕೆ ದುರುದ್ದೇಶವೇ ಕಾರಣವೆನ್ನಲಾಗದು. ಅವರು ಮೊದಲು ಆರಿಸಿದವನು ಈಗಿರುವ ಕೆಲಸ ಬಿಡಲು ಎರಡೋ ಮೂರೋ ತಿಂಗಳ ನೋಟಿಸು ಕೊಡಬೇಕಾಗಿರುತ್ತದೆ. ಅಷ್ಟರೊಳಗೆ ಅವನಿಗೆ ಇನ್ನೊಂದು ಕಡೆ ಹೆಚ್ಚಿನ ಸಂಬಳ ಕುದುರಿದರೆ ಇವರಿಗೆ ಕೈಕೊಡುತ್ತಾನೆ. ಅಂಥ ದಿನಕ್ಕೆಂದು ಎರಡನೆಯವನನ್ನು ಹೌದೂ ಅನ್ನದೆ, ಇಲ್ಲವೂ ಅನ್ನದೆ ಇಟ್ಟುಕೊಂಡಿರುತ್ತಾರೆ. ಕೆಲವೊಮ್ಮೆ ಹುದ್ದೆಗೇ ಮೇಲಿನವರ ಒಪ್ಪಿಗೆ ಸಿಕ್ಕಿರುವುದಿಲ್ಲ. ಇದೆಲ್ಲ ನನಗೆ ಅರ್ಥವಾಗುತ್ತದೆ. ಆದರೆ ಹೊಸಬ ಬಂದು ಕುರ್ಚಿಯಲ್ಲಿ ಕುಳಿತ ಮೇಲೂ ಉಳಿದವರಿಗೆ ಒಂದು ಸಾಲು ಬರೆಯದಿರುವುದು ಬರೀ ಸೋಮಾರಿತನ.

ಸರಕಾರದ ದಾರಿ ಬೇರೆ. 2015ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿಯವರು ಪ್ರಸ್ತಾಪಿಸಿದ ಬಳಿಕ, ಕೇಂದ್ರ ಸರಕಾರದ ಕೆಳಹಂತದ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ತೆಗೆದುಹಾಕಿದರು. ಅಲ್ಲಿ ಕಾಯುವುದೇನೂ ಕಡಿಮೆಯಾಗಲಿಲ್ಲವಾದರೂ, ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ 30 ದಿನದೊಳಗೆ ಹೇಳಿ ಎನ್ನಬಹುದು. ಖಾಸಗಿ ಕಂಪನಿಯೆದುರು ಆ ಅಸ್ತ್ರ ನಡೆಯದು. ಆದರೆ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಜಾಹೀರಾತು ಕೊಟ್ಟು ಸಂದರ್ಶನಕ್ಕೆ ಕರೆದವರಿಗೆ, ನೇಮಕದ ತೀರ್ಮಾನ ಆಯಿತೋ ಇಲ್ಲವೋ ಎಂಬುದನ್ನು 45 ದಿನದೊಳಗೆ ತಿಳಿಸಲೇಬೇಕೆಂಬ ನಿಯಮ 2026ರ ಜನವರಿಯಿಂದ ಬಂದಿದೆ. ಇದನ್ನು ಓದಿ ಹೇಳಿದಾಗ ಅಪ್ಪಯ್ಯ, ಅಷ್ಟು ದೂರದವರಿಗೆ ಬುದ್ಧಿ ಬಂದಿದೆಯಲ್ಲ ಎಂದು ಅಡಿಕೆ ಹೋಳು ಮಾಡುವುದನ್ನು ಮುಂದುವರಿಸಿದರು.

ಕೊನೆಗೆ ಉಳಿದದ್ದು ನೆನಪಿಸುವ ಮೇಲ್. ಆತುರ ಕಾಣಬಾರದು, ಆಸೆ ಕಾಣಬೇಕು. ತಗಾದೆಯಂತಿರಬಾರದು, ಮರೆತಂತೆಯೂ ಇರಬಾರದು. ಪತ್ರವೆಂದ ಮೇಲೆ ಕ್ಷೇಮ ಸಮಾಚಾರದಿಂದ ಆರಂಭವಾಗಬೇಕೆಂದು ಅಪ್ಪಯ್ಯ ಹಟ ಹಿಡಿದರು. ಅಮಾವಾಸ್ಯೆ ಕಳೆಯಲಿ ಎಂದು ಆಯಿ ತಡೆದಳು. ಅಮಾವಾಸ್ಯೆ ಕಳೆದ ಮೇಲೆ, ಕಿಟಕಿಯ ಎಡಮೂಲೆಯಲ್ಲಿ ನಿಂತು, ಕ್ಷೇಮ ಸಮಾಚಾರವಿಲ್ಲದ ನಾಲ್ಕು ಸಾಲು ಕಳಿಸಿದೆ. ಉತ್ತರ ತಕ್ಷಣ ಬಂತು, ಯಂತ್ರದಿಂದ: ನೀವು ಬರೆದಿರುವ ವ್ಯಕ್ತಿ ಈಗ ನಮ್ಮ ಸಂಸ್ಥೆಯಲ್ಲಿಲ್ಲ. ಅಂದರೆ ನನಗೆ ತಿಳಿಸುತ್ತೇನೆ ಎಂದಿದ್ದ ಆ ಮಹಾಶಯರು ನಡುವೆ ತಾವೇ ಎಲ್ಲೋ ಸಂದರ್ಶನ ಕೊಟ್ಟಿದ್ದಾರೆ, ಮತ್ತು ಅಲ್ಲಿಯವರು ಅವರಿಗೆ ತಿಳಿಸಿದ್ದಾರೆ.