ಬಾ.ಬಾ.ಕೋ. ಯಾಕೆ ಆಗಲ್ಲ ಅಂತ ಮೊದಲು ತೋರಿಸಿ

ಒಂಬತ್ತನೇ ಕ್ಲಾಸಿಗೆ ಸರ್ವಸಮ ತ್ರಿಭುಜದ (ಆಕಾರ, ಅಳತೆ ಎರಡೂ ಒಂದೇ ಇರುವ ತ್ರಿಭುಜಗಳ) ಪಾಠ ಮಾಡುವ ಮೇಷ್ಟ್ರು, ಮೇಡಂಗಳಲ್ಲಿ ನನ್ನದೊಂದು ಮನವಿ. ಬಾ.ಕೋ.ಬಾ., ಕೋ.ಬಾ.ಕೋ., ಬಾ.ಬಾ.ಬಾ. (ಬಾ. ಅಂದರೆ ಬಾಹು, ಕೋ. ಅಂದರೆ ಕೋನ) ಅಂತ ಸರ್ವಸಮತೆಯ ನಿಯಮಗಳನ್ನು ಬಾಯಿಪಾಠ ಮಾಡಿಸುವ ಮುಂಚೆ, ಬಾ.ಬಾ.ಕೋ., ಅಂದರೆ ಎರಡು ಬಾಹು ಮತ್ತು ಅವುಗಳ ನಡುವೆ ಇಲ್ಲದ ಒಂದು ಕೋನ ಸಮ ಅನ್ನೋದು, ಯಾಕೆ ನಡೆಯಲ್ಲ ಅನ್ನೋದನ್ನ ಮಕ್ಕಳ ಕೈಯಲ್ಲೇ ಬರೆಸಿ ತೋರಿಸಿ.

ದಾವಣಗೆರೆಯ ನಮ್ಮ ಮನೆಗೆ ಸಂಜೆ ಹೊತ್ತು ಟ್ಯೂಷನ್‌ಗೆ ಬರುವ ಮಕ್ಕಳ ನೋಟ್ಸ್ ನೋಡುತ್ತಿರುತ್ತೇನೆ. ದತ್ತ, ಸಾಧನೀಯ, ಸಾಧನೆ, ಎಲ್ಲವನ್ನೂ ಗೆರೆ ಹೊಡೆದು ಚೆಂದ ಬರೆದಿರುತ್ತಾರೆ. ಪುಸ್ತಕದ ಚಿತ್ರವನ್ನೇ ಸ್ವಲ್ಪ ತಿರುಗಿಸಿ ಬೇರೆ ಅಕ್ಷರ ಹಾಕಿ ಕೊಟ್ಟರೆ ಪೆನ್ನು ನಿಂತುಬಿಡುತ್ತದೆ. ಎರಡು ಬಾಹು, ಒಂದು ಕೋನ ಸಮ ಅಂತ ಕಂಡರೆ ಸಾಕು, ಕೋನ ಎಲ್ಲಿದೆ ಅಂತ ನೋಡದೆ ಬಾ.ಕೋ.ಬಾ. ಅಂತ ಬರೆಯುತ್ತಾರೆ. ಮಕ್ಕಳು ದಡ್ಡರಲ್ಲ. ಕೋನ ಆ ಎರಡು ಬಾಹುಗಳ ನಡುವೆಯೇ ಇರಬೇಕು ಅಂತ ಹೇಳಿದ್ದೇವೆ, ಇಲ್ಲದಿದ್ದರೆ ಏನಾಗುತ್ತೆ ಅಂತ ತೋರಿಸಿಲ್ಲ.

ತೋರಿಸೋದು ಕಷ್ಟವೇನಲ್ಲ. ಒಂದು ಉದ್ದ ಗೆರೆ ಎಳೆಸಿ. ಅದರ ಎಡ ತುದಿಯಲ್ಲಿ 30 ಡಿಗ್ರಿ ಕೋನ. ಆ ಓರೆ ಗೆರೆಯ ಮೇಲೆ 8 ಸೆಂ.ಮೀ.ಗೆ ಗುರುತು. ಅಲ್ಲಿ ಕೈವಾರದ ಮುಳ್ಳು ಊರಿ, ಕೆಳಗಿನ ಗೆರೆಯನ್ನು ಕಡಿಯುವ ಹಾಗೆ 5 ಸೆಂ.ಮೀ. ಕಂಸ.

"ಸರ್, ಎರಡು ಕಡೆ ಕಡಿತೈತಲ್ರೀ!" ಅಂದ ಒಬ್ಬ ಹುಡುಗ.

ಹೌದು. ಎಡ ತುದಿಯಿಂದ ಅಳೆದರೆ ಒಂದು ಸಲ ಸುಮಾರು 4 ಸೆಂ.ಮೀ.ನಲ್ಲಿ, ಇನ್ನೊಂದು ಸಲ ಸುಮಾರು 10ರಲ್ಲಿ. ಎರಡೂ ತ್ರಿಭುಜದಲ್ಲಿ 8 ಇದೆ, 5 ಇದೆ, 30 ಡಿಗ್ರಿಯೂ ಇದೆ. ಆದರೂ ಒಂದು ಪುಟ್ಟದು, ಇನ್ನೊಂದು ಉದ್ದದ್ದು. ಆಮೇಲೆ ಕೋನದ ಜಾಗ ನೋಡು ಅಂತ ಆ ಹುಡುಗನಿಗೆ ನಾನು ಹೇಳಬೇಕಾಗಿ ಬಂದಿಲ್ಲ.

ಬಾ.ಕೋ.ಬಾ.ವನ್ನು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ ಒಂದು ತ್ರಿಭುಜವನ್ನು ಇನ್ನೊಂದರ ಮೇಲಿಟ್ಟು ಸಾಧಿಸಿದರು. ಅಷ್ಟು ಸಾಲದು ಅನ್ನಿಸಿ 1899ರಲ್ಲಿ ಜರ್ಮನ್ ಗಣಿತಜ್ಞ ಹಿಲ್ಬರ್ಟ್ ಅದರ ತಿರುಳನ್ನೇ ಸ್ವಯಂಸಿದ್ಧ (ಸಾಧಿಸದೆ ಒಪ್ಪಿಕೊಳ್ಳುವ ಮಾತು) ಅಂತ ತೆಗೆದುಕೊಂಡರು. ಅಂಥವರೇ ಇಷ್ಟು ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಮಕ್ಕಳಿಗೆ ಒಂದು ಪೀರಿಯಡ್ ಆದರೂ ಬೇಡವಾ?

ಇದು ಗೊತ್ತಾದರೆ ಲಂ.ವಿ.ಬಾ. (ಲಂಬಕೋನ, ಅದರ ಎದುರಿನ ಬಾಹುವಾದ ವಿಕರ್ಣ, ಇನ್ನೊಂದು ಬಾಹು) ಕೂಡ ಸುಮ್ನೆ ಬಂದ ನಿಯಮ ಅನ್ನಿಸಲ್ಲ. ಕೆಳಗಿನ ಗೆರೆಯನ್ನು ಎಡಕ್ಕೂ ಬೆಳೆಸಿ, ಕೋನ 90 ಮಾಡಿ, ಕಂಸ 10 ಸೆಂ.ಮೀ. ಇಡಿ. ಈಗಲೂ ಎರಡು ಕಡೆ ಕಡಿಯುತ್ತದೆ. ಆದರೆ ಎಡಕ್ಕೂ 6, ಬಲಕ್ಕೂ 6. ಕಾಗದ ಮಡಚಿದರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಬಾಹ್ಯಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು (ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆಗಳು) ಸಮ ಅಂತ ಎಸ್ಸೆಸ್ಸೆಲ್ಸಿಯಲ್ಲಿ ಸಾಧಿಸೋದು ಇದರಿಂದಲೇ ಅಲ್ವಾ? ಬಾಹ್ಯಬಿಂದುವನ್ನು ಕೇಂದ್ರಕ್ಕೆ ಸೇರಿಸಿ, ತ್ರಿಜ್ಯಗಳನ್ನು ಎಳೆದರೆ ಎರಡು ತ್ರಿಭುಜ: ಸ್ಪರ್ಶಬಿಂದುವಿನಲ್ಲಿ 90 ಡಿಗ್ರಿ, ವಿಕರ್ಣ ಎರಡಕ್ಕೂ ಒಂದೇ, ತ್ರಿಜ್ಯಗಳು ಸಮ. ಒಂಬತ್ತರಲ್ಲಿ ಕೈವಾರ ಹಿಡಿದು ನೋಡಿದ ಮಗು ಹತ್ತರಲ್ಲಿ ಆ ಪ್ರಮೇಯವನ್ನು ಉರು ಹೊಡೆಯಬೇಕಾಗಿಲ್ಲ.