ಕಮಿಟಿ ಮುಗಿಯೋದ್ರೊಳಗೆ ಮೀಸೆ ಬಂತು

ಗಂಡುಹುಡುಗರು ಹಾಡ್ತಾ ಇಲ್ಲ ಅನ್ನೋದು ಈಗ ದೊಡ್ಡ ಸಮಸ್ಯೆ ಅಂತೆ. ಹುಡುಗರಿಗಲ್ಲ ಮತ್ತೆ, ಅವರು ಬಾತ್‌ರೂಮ್ ಚಿಲಕ ಹಾಕ್ಕೊಂಡು ಬೇಕಾದಷ್ಟು ಹಾಡ್ಕೊಂತಾರೆ, ಸಮಸ್ಯೆ ಆಗಿರೋದು ದೊಡ್ಡೋರಿಗೆ. ಏಳು ವರ್ಷದವನು ಗಟ್ಟಿಯಾಗಿ ರಾಗ ಎಳೆದ್ರೆ "ಏನೋ ಅದು ಹೆಣ್ಣುಡುಗೀರ ಥರ, ಸುಮ್ನೆ ಕೂತ್ಕೊಳೋ" ಅಂದವರೂ ಇವರೇ, ಸ್ಕೂಲ್ ಡೇಗೆ ಹುಡುಗೀರನ್ನ ಹಾಡೋಕೆ ನಿಲ್ಲಿಸಿ ಹುಡುಗರ ಕೈಲಿ ಬೆಂಚು ಹೊರಿಸಿದವರೂ ಇವರೇ, ಆಮೇಲೆ "ನಮ್ಮ ಹುಡುಗರು ಯಾಕೆ ಹಾಡಲ್ಲ? ಒಂದು ಚಿಂತನ ಮಂಥನ" ಅಂತ ಬ್ಯಾನರ್ ಕಟ್ಟಿ ಮೈಕ್ ಹಿಡ್ಕೊಂಡು ಕೂತವರೂ ಇವರೇ.

ಇಂಥದ್ದೊಂದು ಮಂಥನದಲ್ಲೇ ಪ್ರಾದೇಶಿಕ ಬಾಲಕರ ಕ್ವಾಯರ್, ಅಂದ್ರೆ ಒಟ್ಟಿಗೆ ಹಾಡೋ ಹುಡುಗರ ತಂಡ, ಅನ್ನೋ ಐಡಿಯಾ ಹುಟ್ಟೋದು. ಯಾವ ದೇಶದಲ್ಲಿ ಬೇಕಾದ್ರೂ ಹುಟ್ಟಬಹುದು, ಕಮಿಟಿಗಳೆಲ್ಲಾ ಒಂದೇ ಬಸಿರಲ್ಲಿ ಹುಟ್ಟಿದ್ವು. ಮೊದಲು ಒಬ್ಬರು ಎದ್ದು ವಿಯೆನ್ನಾ ಬಾಯ್ಸ್ ಕ್ವಾಯರ್ ಹೆಸರು ತೆಗೀತಾರೆ, 1498ರಲ್ಲಿ ಮ್ಯಾಕ್ಸಿಮಿಲಿಯನ್ ರಾಜನ ಆಸ್ಥಾನದಲ್ಲಿ ಬೇರು ಬಿಟ್ಟಿದ್ದು, ಇವತ್ತಿಗೂ ಸುಮಾರು 100 ಹುಡುಗರು, ನಾಲ್ಕು ತಂಡ, ದೇಶ ದೇಶ ಸುತ್ತುತ್ತೆ ಅಂತ. ಇನ್ನೊಬ್ಬರು ಬಿಡ್ತಾರಾ, ಜರ್ಮನಿಯ ಲೈಪ್‌ಜಿಗ್‌ನ ಥೋಮಾನರ್‌ಕೋರ್ ಅನ್ನೋ ಹುಡುಗರ ಕ್ವಾಯರ್ ಇನ್ನೂ ಹಳೇದು, 1212ರದ್ದು, ಸಂಗೀತ ರಚನೆಕಾರ ಬಾಖ್ ಅಂಥಾ ಬಾಖ್ 1723ರಿಂದ 1750ರಲ್ಲಿ ಸಾಯೋ ತನಕ ಅಲ್ಲಿನ ಹುಡುಗರನ್ನ ಹಾಡಿಸಿದ್ದ ಅಂತಾರೆ. ಸಭೆ ತಲೆದೂಗುತ್ತೆ. ಎಂಟುನೂರು ವರ್ಷದ ಪ್ರಾಕ್ಟೀಸು ಅದು ಅನ್ನೋದು ಮಾತ್ರ ಯಾರ ತಲೆಗೂ ಇಳಿಯಲ್ಲ, "ಮುಂದಿನ ವರ್ಷ ಫಾರಿನ್ ಟೂರ್" ಅಂತ ನಡಾವಳಿ ಪುಸ್ತಕದಲ್ಲಿ ಬರ್ಕೊಂತಾರೆ.

ಅಲ್ಲಿಂದ ಕೆಲಸ ಜೋರು. ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಲೋಗೋ ಉಪಸಮಿತಿ, ಟೀ ಶರ್ಟ್ ಉಪಸಮಿತಿ. ಲೋಗೋದಲ್ಲಿರೋ ಹುಡುಗನ ಬಾಯಿ ಎಷ್ಟು ತೆರೆದಿರಬೇಕು ಅನ್ನೋದಕ್ಕೇ ಮೂರು ಮೀಟಿಂಗು. ಇವರ್ಯಾರಿಗೂ ಹಾಡೋಕೆ ಬರಲ್ಲ ಅಂತ ನಾನು ಹೇಳಲ್ಲಪ್ಪ, ಬರಬಹುದು, ಕೇಳಿದವರು ಮಾತ್ರ ಯಾರೂ ಸಿಕ್ಕಿಲ್ಲ. ಹುಡುಗರು ಹಾಡೋಕೆ ಯಾಕೆ ನಾಚ್ಕೊತಾರೆ ಅಂತ ಒಂದೂವರೆ ಗಂಟೆ ಭಾಷಣ ಬಿಗಿದ ಉಪಾಧ್ಯಕ್ಷರನ್ನ "ಸಾರ್, ನೀವೇ ಎರಡು ಸಾಲು ಹಾಡಿ ಶುರು ಮಾಡಿ" ಅಂದ್ರೆ ಸಾಕು, ಗಂಟಲು ಸರಿಯಿಲ್ಲ ಅಂತ ಕೆಮ್ಮಿ ಕೂತುಬಿಡ್ತಾರೆ.

ಆಮೇಲೆ ಬರುತ್ತೆ ಪೋಸ್ಟರ್. "ಹಾಡುವವನೇ ಗಂಡು!" ತೋಳು ಉಬ್ಬಿಸಿಕೊಂಡು ನಿಂತ ಹುಡುಗ, ಕೈಗೆ ಬಾಕ್ಸಿಂಗ್ ಗ್ಲೌಸು, ಅದೇ ಕೈಲಿ ಮೈಕು (ಗ್ಲೌಸ್ ಹಾಕ್ಕೊಂಡು ಹೇಗೆ ಹಿಡಿದ ಅಂತ ಕೇಳ್ಬೇಡಿ, ಅದಕ್ಕೊಂದು ಉಪಸಮಿತಿ ಹುಟ್ಕೊಳುತ್ತೆ). ಅಸಲಿಗೆ ಕ್ವಾಯರ್‌ಗೆ ಬೇಕಿರೋದು ಟ್ರೆಬಲ್ ದನಿ, ಅಂದ್ರೆ ಹುಡುಗ ಗಂಡಸಾಗೋಕೆ ಮುಂಚಿನ ಎಳೇ ದನಿ, ಹುಡುಗೀರ ಸೊಪ್ರಾನೋ (ಎಲ್ಲಕ್ಕಿಂತ ಮೇಲಿನ ದನಿ) ಎಲ್ಲಿಗೆ ಏರುತ್ತೋ ಅಲ್ಲಿಗೇ ಇದೂ ಏರೋದು. ಬಾಗಿಲ ಹೊರಗೆ "ಬಾ, ಗಂಡಸಾಗು" ಅಂತ ಬೋರ್ಡು, ಬಾಗಿಲ ಒಳಗೆ "ಇನ್ನೂ ಆಗಿಲ್ಲ ತಾನೇ?" ಅಂತ ಚೆಕಿಂಗು. ಅತ್ತ ಫುಟ್‌ಬಾಲ್ ಸ್ಟೇಡಿಯಂಗಳಲ್ಲಿ ಸಾವಿರಾರು ಗಂಡಸರು ಒಟ್ಟಿಗೆ ಎದ್ದು ನಿಂತು, ಕಣ್ಣಲ್ಲಿ ನೀರು ಹಾಕ್ಕೊಂಡು, ಶ್ರುತಿ ಎಲ್ಲೋ ತಾಳ ಎಲ್ಲೋ ಅಂತ ಹಾಡ್ತಾರಲ್ಲ, ಅವರ ಗಂಡಸ್ತನದ ಮೇಲೆ ಯಾರೂ ವಿಚಾರ ಸಂಕಿರಣ ಇಟ್ಟಿಲ್ಲ. ಶ್ರುತಿ ಸರಿಯಾಗಿ ಸೇರಿದಾಗಲೇ ನಮ್ಮ ಜನಕ್ಕೆ ಡೌಟು ಬರೋದು ಅನ್ಸುತ್ತೆ.

ಈ ಮಧ್ಯೆ ಯಾರೂ ಕರೀದೆ ತಾವಾಗೇ ಹಾಡೋಕೆ ಬಂದ ಹುಡುಗೀರನ್ನ "ಇದು ಬಾಲಕರ ಯೋಜನೆ ಕಣಮ್ಮ" ಅಂತ ವಾಪಸ್ ಕಳಿಸಿರ್ತಾರೆ. ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್ ಅನ್ನೋ ದೊಡ್ಡ ಚರ್ಚು 1991ರಲ್ಲೇ ಹುಡುಗೀರದ್ದೊಂದು ಹಾಡೋ ತಂಡ ಕಟ್ತು, ಹುಡುಗರ ತಂಡಾನೂ ಪಕ್ಕದಲ್ಲೇ ಉಳೀತು, ಆಕಾಶ ಏನೂ ಕಳಚಿ ಬೀಳ್ಲಿಲ್ಲ.

ಇಷ್ಟೆಲ್ಲಾ ನಡೀವಾಗ ಕಮಿಟಿ ಒಂದು ಸಣ್ಣ ವಿಷಯ ಮರೆತಿರುತ್ತೆ, ಹುಡುಗರು ಬೆಳೀತಾರೆ. ಹನ್ನೆರಡು ಹದಿಮೂರು ಹದಿನಾಲ್ಕರ ಆಸುಪಾಸಲ್ಲಿ ಗಂಟಲ ಗೂಡು ದೊಡ್ಡದಾಗುತ್ತೆ, ಒಳಗಿನ ಸ್ವರತಂತುಗಳು ಉದ್ದ ಆಗಿ ದಪ್ಪ ಆಗ್ತವೆ, ದನಿ ಹೆಚ್ಚುಕಮ್ಮಿ ಒಂದು ಸ್ಥಾಯಿ ಕೆಳಗಿಳಿಯುತ್ತೆ. ಅದು ಯಾವ ಅಧ್ಯಕ್ಷರ ಸಹಿಗೂ ಕಾಯಲ್ಲ, ಕೋರಂ ಕೇಳಲ್ಲ. ಹಾಗಂತ ಆಗ ಹಾಡೋದು ನಿಲ್ಲಿಸಬೇಕು ಅಂತೇನಿಲ್ಲ, ಬಲ್ಲ ಮೇಷ್ಟ್ರು ಹುಡುಗನಿಗೆ ಎಟುಕೋ ನಾಲ್ಕೈದು ಸ್ವರ ಹುಡುಕಿ ಅಲ್ಲೇ ಹಾಡಿಸ್ತಾ ಮೆಲ್ಲಗೆ ಕೆಳಗಿನ ಸಾಲಿಗೆ ದಾಟಿಸ್ತಾರೆ, ಗೊತ್ತಿಲ್ಲದೋರು "ನೀನು ಬರೀ ಬಾಯಿ ಆಡಿಸು ಸಾಕು" ಅಂತಾರೆ, ಅವನು ಜೀವಮಾನವಿಡೀ ಬಾಯಿ ಆಡಿಸ್ತಾನೆ. ದನಿ ಒಡೆಯದ ಹಾಗೆ ತಡೆಯೋಕೆ ಇಟಲೀಲಿ ಹಿಂದೆ ಒಂದು ಕ್ರೂರ ಉಪಾಯ ಇತ್ತು, ಅದನ್ನ ಇಲ್ಲಿ ಬರೆಯಲ್ಲ, ಕಮಿಟಿಯವರು ಓದಿ ಅಜೆಂಡಾಕ್ಕೆ ಸೇರಿಸಿಬಿಟ್ರೆ ಕಷ್ಟ. ದೊಡ್ಡ ಸಂಗೀತ ರಚನೆಕಾರ ಹೇಡನ್ ಕೂಡ ವಿಯೆನ್ನಾದ ಸೇಂಟ್ ಸ್ಟೀಫನ್ಸ್ ಕೆಥೆಡ್ರಲ್‌ನಲ್ಲಿ ಹಾಡ್ತಿದ್ದ ಹುಡುಗಾನೇ, ದನಿ ಒಡೆದಾಗ ಕೋಳಿ ಕೂಗಿದ ಹಾಗಿದೆ ಅಂತ ಮಹಾರಾಣಿ ಮರಿಯಾ ತೆರೇಸಾನೇ ದೂರಿದ್ಳಂತೆ, ಕೊನೆಗೆ ಜೊತೆ ಹುಡುಗನ ಜಡೆ ಕತ್ತರಿಸಿದ ಅನ್ನೋ ನೆಪ ಸಿಕ್ಕಿ ಹೊರಗೆ ಹಾಕಿದ್ರಂತೆ. ಆದ್ರೂ ಅವನಿಗೆ ದನಿ ಒಡೆಯೋ ತನಕನಾದ್ರೂ ಹಾಡೋಕೆ ಬಿಟ್ಟಿದ್ರು.

ನಮ್ಮ ಕಮಿಟಿ ಕಥೇಲಿ ಉದ್ಘಾಟನೆ ಬರೋ ಹೊತ್ತಿಗೆ ನಾಲ್ಕು ವರ್ಷ ಕಳೆದಿರುತ್ತೆ. ಟೀ ಶರ್ಟ್ ಬಂದಿರುತ್ತೆ, ಎಲ್ಲಾ ಹತ್ತು ವರ್ಷದವರ ಸೈಜು. ವೇದಿಕೆ ತುಂಬಾ ಗಣ್ಯರು, ಹಾಡೋಕೆ ಹುಡುಗರು ಮೂರೇ ಮೂರು ಜನ, ಅದರಲ್ಲಿ ಒಬ್ಬ ಅಧ್ಯಕ್ಷರ ಮೊಮ್ಮಗ, ಅಳ್ತಾ ಇರ್ತಾನೆ. ಮೈಕ್ ಸರಿ ಮಾಡೋಕೆ ಬಂದ ವಾಲಂಟಿಯರ್ ಒಬ್ಬ, ಚಿಗುರು ಮೀಸೆ, "ಹಲೋ, ಮೈಕ್ ಟೆಸ್ಟಿಂಗ್" ಅಂತಾನೆ ನೋಡಿ, ಆ ಗುಡುಗಿಗೆ ಹಾಲ್ ಕಿಟಕಿ ಅದುರುತ್ತೆ.

ಅಧ್ಯಕ್ಷರು ಬೆರಗಾಗಿ ಕರೀತಾರೆ, "ಏನಪ್ಪಾ, ಇಷ್ಟು ಚೆನ್ನಾಗಿದೆ ದನಿ, ನೀನ್ಯಾಕೆ ನಮ್ಮ ಕ್ವಾಯರ್‌ಗೆ ಸೇರ್ಲಿಲ್ಲ?"

"ಸೇರಿದ್ದೆ ಸಾರ್. ಮೊದಲನೇ ಅರ್ಜಿ ನಂದೇ."