ನಮ್ಮ ಮನೆಯಲ್ಲಿ ಐದು ಗೋಡೆ ಗಡಿಯಾರ ಇವೆ

ಇರೋದು ಎರಡು ರೂಮಿನ ಮನೆ. ಗೋಡೆ ಗಡಿಯಾರ ಮಾತ್ರ ಐದು. ಒಂದು ಗೋಡೆ ಮೇಲಿದೆ. ಮೂರು ಅಟ್ಟದ ಮೇಲೆ ಡಬ್ಬಿಯಲ್ಲೇ ಇವೆ. ಇನ್ನೊಂದನ್ನು ನಾದಿನಿಯ ಗೃಹಪ್ರವೇಶಕ್ಕೆ ಕೊಡೋಣ ಅಂತ ಹೊರಟರೆ ಹೆಂಡತಿ ತಡೆದಳು. "ಮಧ್ಯದಲ್ಲಿ ನಿಮ್ಮ ಕಂಪನಿ ಹೆಸರು ಇಷ್ಟು ದಪ್ಪಗಿದೆ, ಮಾನ ಮರ್ಯಾದೆ ಬೇಡ್ವಾ?" ಐದೂ ಆಯುಧಪೂಜೆಗೆ ಕಂಪನಿಯಿಂದ ಉಡುಗೊರೆ ಬಂದದ್ದು.

ಬೆಂಗಳೂರಿನ ಪೀಣ್ಯದ ಫ್ಯಾಕ್ಟರಿಗಳಲ್ಲಿ ಹದಿನೆಂಟು ವರ್ಷ ಆಯಿತು. ಆಪರೇಟರ್ ಆಗಿ ಸೇರಿದವನು ಈಗ ಶಿಫ್ಟ್ ಇನ್‌ಚಾರ್ಜ್. ಇದು ಮೂರನೇ ಕಂಪನಿ. ಹಾಗಾಗಿ ಉಡುಗೊರೆ ತಗೊಂಡೂ ಗೊತ್ತು, ಕ್ಯೂ ನಿಲ್ಲಿಸಿ ಹಂಚಿಯೂ ಗೊತ್ತು. ಇಂಥ ಉಡುಗೊರೆಯಿಂದ ಕೆಲಸಗಾರರಿಗೆ ನಿಜಕ್ಕೂ ಹುರುಪು ಬರುತ್ತಾ ಅನ್ನೋದೇ ಇಲ್ಲಿನ ಮಾತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೋನಸ್ಸು ಉಡುಗೊರೆ ಅಲ್ಲ. ಅರ್ಹತೆ ಇರುವವರಿಗೆ ಕನಿಷ್ಠ 8.33 ಪರ್ಸೆಂಟ್ ಕೊಡಲೇಬೇಕು ಅಂತ ಕಾನೂನೇ ಹೇಳುತ್ತದೆ. ಓಟಿಗೆ, ಅಂದರೆ ಓವರ್‌ಟೈಮ್ ಕೆಲಸಕ್ಕೆ, ಡಬಲ್ ಸಂಬಳ ಅನ್ನೋದೂ ಕಾನೂನೇ. ನನ್ನ ಮೊದಲನೇ ಕಂಪನಿಯಲ್ಲಿ ಅರ್ಜೆಂಟ್ ಆರ್ಡರ್ ಅಂತ ಮೂರು ಭಾನುವಾರ ಕರೆಸಿದರು. ಮಧ್ಯಾಹ್ನ ಚಿಕನ್ ಬಿರಿಯಾನಿ, ಕಬಾಬು. ತಿನ್ನದವರಿಗೆ ಪಲಾವ್. ನಾವೂ ಚೆನ್ನಾಗಿ ಬಾರಿಸಿದೆವು. ತಿಂಗಳ ಕೊನೆಗೆ ಸ್ಲಿಪ್ ನೋಡಿದರೆ ಓಟಿ ಕಾಲಂನಲ್ಲಿ ಸೊನ್ನೆ. ಕೇಳಿದರೆ, "ಊಟ ಹಾಕ್ಸಿದ್ವಲ್ಲಪ್ಪ!" ಆಮೇಲೆ ಎಷ್ಟೋ ವರ್ಷ ಆಫೀಸಿನಲ್ಲಿ ಬಿರಿಯಾನಿ ವಾಸನೆ ಬಂದರೆ ನನಗೆ ಅನುಮಾನವೇ ಮೊದಲು ಬರುತ್ತಿತ್ತು.

ಕೊಡಬೇಕಾದ್ದನ್ನು ಕೊಟ್ಟ ಮೇಲೆ ಉಳಿದ ಮಾತು. ದುಡ್ಡಲ್ಲದ್ದನ್ನು ಕೊಟ್ಟು ಕೆಲಸಗಾರರನ್ನು ಹುರಿದುಂಬಿಸೋಕೆ ಆಗುತ್ತಾ? ಆಗುತ್ತೆ. ನಮ್ಮ ಮನೆಯಲ್ಲೇ ನೋಡಿದ್ದೇನೆ.

ಅಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್. ಹಾಸನ–ಮಂಗಳೂರು ರೂಟು ಬಹಳ ವರ್ಷ ಮಾಡಿದರು. ಮಳೆಗಾಲದಲ್ಲಿ ಮಾರನಹಳ್ಳಿಯಿಂದ ಗುಂಡ್ಯದವರೆಗೆ ಶಿರಾಡಿ ಘಾಟಿ ಇಳಿದವರಿಗೆ ಅದೇನು ಅಂತ ಗೊತ್ತು. ನಿಗಮದಲ್ಲಿ 5 ವರ್ಷ ಅಪಘಾತ ಇಲ್ಲದೆ ಓಡಿಸಿದವರಿಗೆ ಬೆಳ್ಳಿ ಪದಕ. 15 ವರ್ಷಕ್ಕೆ ಮುಖ್ಯಮಂತ್ರಿ ಚಿನ್ನದ ಪದಕ. ಅಪ್ಪನಿಗೆ ಬೆಳ್ಳಿಯದು ಬಂದಿತ್ತು. ಅದರ ಬ್ಯಾಡ್ಜನ್ನು ಖಾಕಿ ಶರ್ಟಿನ ಜೇಬಿನ ಮೇಲೆ ಹಾಕಿಕೊಳ್ಳುತ್ತಿದ್ದರು. ಬಟ್ಟೆ ನೆನೆಸುವ ಮುಂಚೆ ಅಮ್ಮ ಅದನ್ನು ಬಿಚ್ಚಿ ಕುಂಕುಮದ ಭರಣಿ ಪಕ್ಕ ಇಡುತ್ತಿದ್ದಳು. ಬೆಳಿಗ್ಗೆ ಹೊರಡುವಾಗ ತಾನೇ ಚುಚ್ಚುತ್ತಿದ್ದಳು. ಒಂದು ಸಲ ನಾನೂ ಅದೇ ಬಸ್ಸಿನಲ್ಲಿದ್ದೆ. ಘಾಟಿ ಶುರುವಾದಾಗ ಹೆದರಿ ಕೂತ ಅಜ್ಜಿಯೊಬ್ಬರಿಗೆ ಕಂಡಕ್ಟರ್ ಹೇಳಿದರು: "ಸುಮ್ನೆ ನಿದ್ದೆ ಮಾಡಿ ಅಜ್ಜಿ. ಬೆಳ್ಳಿ ಪದಕದ ಡ್ರೈವರು." ಅಪ್ಪ ತಿರುಗಿ ನೋಡಲಿಲ್ಲ. ಆದರೆ ಕೇಳಿಸಿತ್ತು. ಬೆನ್ನು ನೆಟ್ಟಗಾಯಿತು.

ಪದಕದ ಜೊತೆ ತಿಂಗಳಿಗೆ ಸ್ವಲ್ಪ ದುಡ್ಡೂ ಬರುತ್ತಿತ್ತು, ಅದನ್ನು ಮುಚ್ಚಿಡೋದಿಲ್ಲ. ಆದರೆ ಮನೆಯಲ್ಲಿ ಅದರ ಮಾತು ಬಂದದ್ದೇ ಕಡಿಮೆ. ಮುಖ್ಯ ಏನಂದರೆ, ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷ, ಅಪಘಾತ ಇಲ್ಲ. ಅಷ್ಟೇ. ಯಾರ ಮನೆ ಬಾಗಿಲಿಗೂ ಹೋಗಿ ಹಲ್ಲು ಗಿಂಜಬೇಕಿರಲಿಲ್ಲ.

ಇದರ ಮುಂದೆ ನಮ್ಮ ಎರಡನೇ ಕಂಪನಿಯ 'ತಿಂಗಳ ಅತ್ಯುತ್ತಮ ಉದ್ಯೋಗಿ' ಇಟ್ಟು ನೋಡಿ. ಕ್ಯಾಂಟೀನ್ ಬಾಗಿಲಲ್ಲಿ ಒಂದು ಫ್ರೇಮು. ಯಾಕೆ ಆರಿಸಿದರು ಅಂತ ಆರಿಸಿದವರಿಗೂ ಗೊತ್ತಿರುತ್ತಿರಲಿಲ್ಲ. ಕೊನೆಗೆ ಒಬ್ಬನ ಫೋಟೋ ಹಾಕಿದರು, ಬದಲಾಯಿಸೋದು ಮರೆತರು. ಅವನು ಕೆಲಸ ಬಿಟ್ಟು ಎದುರು ರಸ್ತೆಯ ಕಂಪನಿ ಸೇರಿ ನಾಲ್ಕು ತಿಂಗಳಾದರೂ ನಮ್ಮಲ್ಲಿ ಅವನೇ ಅತ್ಯುತ್ತಮ.

ದುಡ್ಡು ಕೊಟ್ಟರೆ ಹುರುಪೋ ಉಡುಗೊರೆ ಕೊಟ್ಟರೆ ಹುರುಪೋ ಅಂತ ಜರ್ಮನಿಯಲ್ಲಿ ಒಂದು ಪ್ರಯೋಗ ಮಾಡಿದ್ದಾರೆ. 2012ರಲ್ಲಿ ಪ್ರಕಟವಾಯಿತು. ಲೈಬ್ರರಿಯ ಪುಸ್ತಕಗಳ ವಿವರವನ್ನು ಕಂಪ್ಯೂಟರಿಗೆ ಹಾಕುವ ಮೂರು ಗಂಟೆಯ ಕೆಲಸ. ಕೆಲಸಕ್ಕೆ ಬಂದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಒಪ್ಪಿದ ಸಂಬಳದ ಮೇಲೆ 7 ಯೂರೋ ಕೊಟ್ಟರು. ಇನ್ನು ಕೆಲವರಿಗೆ ಅಷ್ಟೇ ಬೆಲೆಯ ಥರ್ಮೋಸ್ ಬಾಟಲಿ. ದುಡ್ಡು ತಗೊಂಡವರು ಏನೂ ಸಿಗದವರಿಗಿಂತ ಅಂಥಾ ಜಾಸ್ತಿಯೇನೂ ಮಾಡಲಿಲ್ಲ. ಬಾಟಲಿ ತಗೊಂಡವರು ಸುಮಾರು ಕಾಲು ಭಾಗ ಜಾಸ್ತಿ ಮಾಡಿದರು.

ಬಾಟಲಿ ಆರ್ಡರ್ ಮಾಡೋಕೆ ಫೋನ್ ಎತ್ತಿಕೊಂಡ ಮಾಲೀಕರೇ, ಸ್ವಲ್ಪ ತಡೀರಿ. ಇನ್ನೊಂದು ಗುಂಪಿಗೆ ಅದೇ 7 ಯೂರೋ ದುಡ್ಡನ್ನೇ ಕೊಟ್ಟರು. ಆದರೆ 5 ಯೂರೋ ನೋಟನ್ನು ಕಾಗದದ ದೋಣಿ ಮಡಿಸುವ ಹಾಗೆ ಅಂಗಿಯ ಆಕಾರಕ್ಕೆ ಮಡಿಸಿ, 2 ಯೂರೋ ನಾಣ್ಯದ ಮೇಲೆ ನಗುವ ಮುಖ ಬಿಡಿಸಿ ಕೊಟ್ಟರು. ಅವರೂ ಬಾಟಲಿಯವರಷ್ಟೇ ಕೆಲಸ ಮಾಡಿದರು! ಅಂದರೆ ವಿಷಯ ದುಡ್ಡೋ ಬಾಟಲಿಯೋ ಅನ್ನೋದಲ್ಲ. ಯಾರೋ ಕೂತು ಮಡಿಸಿದ್ದಾರೆ ಅನ್ನೋದು. ಮೂರು ಗಂಟೆಯ ಕೆಲಸದಲ್ಲಿ ಕಂಡದ್ದನ್ನು ಮೂವತ್ತು ವರ್ಷದ ನೌಕರಿಗೆ ಹಾಗೇ ಅಂಟಿಸೋಕೆ ಆಗಲ್ಲ ಬಿಡಿ. ಆದರೂ ನನ್ನ ಗಡಿಯಾರಗಳು ಯಾಕೆ ಅಟ್ಟ ಸೇರಿದವು ಅಂತ ಅರ್ಥವಾಯಿತು. ಇನ್ನೂರು ಪೀಸ್ ಒಂದೇ ಸಲ ತರಿಸಿ ಹಂಚಿದ್ದು. ಅದರಲ್ಲಿ ನನ್ನನ್ನು ನೆನೆದವರು ಯಾರೂ ಇಲ್ಲ.

ಹೋದ ವರ್ಷದ್ದು ಹೇಳುತ್ತೇನೆ. ನಮ್ಮಲ್ಲೊಬ್ಬ ಸೆಟ್ಟರ್, ಅಂದರೆ ಮಷಿನ್ ಸೆಟ್ ಮಾಡಿಕೊಡುವವನು, ಇದ್ದಾನೆ, ಬಾದಾಮಿ ಕಡೆಯವನು. ನೈಟ್ ಶಿಫ್ಟಿನಲ್ಲಿ ಪಕ್ಕದ ಮಷಿನ್ನಿನ ಸದ್ದು ಬೇರೆ ಥರ ಕೇಳಿಸಿತು ಅಂತ ಹೋಗಿ ನಿಲ್ಲಿಸಿದ. ಅದು ಅವನ ಮಷಿನ್ ಅಲ್ಲ. ನೋಡಿದರೆ ಲೋಹ ಕತ್ತರಿಸುವ ಇನ್ಸರ್ಟಿನ ತುದಿ ಒಡೆದಿತ್ತು. ಹಾಗೇ ಓಡಿದ್ದರೆ ಬೆಳಿಗ್ಗೆ ಹೊತ್ತಿಗೆ ಆ ಲಾಟೆಲ್ಲ ಸ್ಕ್ರ್ಯಾಪು. ಎಚ್‌ಆರ್‌ಗೆ ಹೇಳಿದೆ. 500 ರೂಪಾಯಿ ಗಿಫ್ಟ್ ಕೂಪನ್ ಕಳಿಸುತ್ತೇವೆ ಅಂದರು. ಅವನಿಗೆ ಹೇಳಿದರೆ ನಕ್ಕ. "ಹಿಂದಿನ ಕೂಪನ್ನ ಇನ್ನೂ ಫೋನಿನ್ಯಾಗ ಐತ್ರಿ ಸರ. ಎರಡು ಸಾವಿರದ್ದು ತಗೊಂಡ್ರ ಐನೂರು ಬಿಡ್ತಾರಂತ್ರಿ. ಡೇಟೂ ಮುಗದೈತಿ."

ಮತ್ತೇನು ಬೇಕಪ್ಪಾ ಅಂದೆ. ಹದಿನೆಂಟು ವರ್ಷದಲ್ಲಿ ಯಾರಿಗಾದರೂ ಹೀಗೆ ಕೇಳಿದ್ದು ಅದೇ ಮೊದಲು, ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

"ತಿಂಗಳಿಗೊಂದು ಶನಿವಾರ ಫಸ್ಟ್ ಶಿಫ್ಟ್ ಹಾಕ್ರಿ. ಎರಡಕ್ಕ ಬಿಟ್ರ ಸಂಜಿ ಬಸ್ ಸಿಗತೈತಿ. ಒಂದು ಐತ್ವಾರ ಮಗಳ ಜೋಡಿ ಇರ್ತೀನ್ರಿ."

ಕಂಪನಿಗೆ ಒಂದು ರೂಪಾಯಿ ಖರ್ಚಿಲ್ಲ. ಚಾರ್ಟಿನಲ್ಲಿ ಒಂದು ಹೆಸರು ಅಳಿಸಿ ಇನ್ನೊಂದು ಬರೆದೆ. ಸೋಮವಾರ ಶೇಂಗಾ ಹೋಳಿಗೆ ತಂದು ಇಡೀ ಲೈನಿಗೆ ಹಂಚಿದ. ಯಾವ ಮಷಿನ್ನಿನಲ್ಲಿ ಏನೇ ಸದ್ದು ಬಂದರೂ ಈಗ ಮೊದಲು ಅವನೇ ಓಡುತ್ತಾನೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ನಾಲ್ಕು ಜನ ನನ್ನ ಟೇಬಲ್ ಮುಂದೆ ನಿಂತಿದ್ದರು, ಎಲ್ಲರಿಗೂ ಶನಿವಾರ ಫಸ್ಟ್ ಶಿಫ್ಟ್ ಬೇಕು. ಮೂವರು ದೂರದ ಊರಿನವರು, ಸರಿ. ನಾಲ್ಕನೆಯವನ ಮನೆ ಇಲ್ಲೇ ದಾಸರಹಳ್ಳಿ. ಅವನಿಗೆ ಸಂಜೆ ಟೆನಿಸ್ ಬಾಲ್ ಕ್ರಿಕೆಟ್ ಇದೆಯಂತೆ. ಮಗಳಾದರೆ ಸರಿ, ಮ್ಯಾಚಾದರೆ ತಪ್ಪು ಅನ್ನೋಕೆ ನಾನ್ಯಾರು? ಕೊನೆಗೆ ಸರದಿ ಹಾಕಿ ಬೋರ್ಡಿಗೆ ಅಂಟಿಸಿದೆ. ಇಬ್ಬರು ಇನ್ನೂ ಮುಖ ಊದಿಸಿಕೊಂಡಿದ್ದಾರೆ.

ಈ ಸಲದ ಆಯುಧಪೂಜೆಗೆ ಏನು ಕೊಡೋಣ ಅಂತ ನಾಳಿದ್ದು ಮೀಟಿಂಗ್ ಇದೆ. ಬೇರೇನೂ ಬೇಡ, ಪ್ರತಿಯೊಬ್ಬರಿಗೂ ಅವರು ಕೇಳಿದ ದಿನ ಒಂದು ಸಂಬಳದ ರಜೆ ಕೊಡಿ ಅಂತ ಹೇಳೋಣ ಅಂದುಕೊಂಡಿದ್ದೇನೆ. ಆದರೆ ಗೋಡೆ ಗಡಿಯಾರದ ಕೊಟೇಶನ್ ಆಗಲೇ ಬಂದಿದೆಯಂತೆ.